ಮಾವನ ತಪ್ಪು ಉತ್ತರಗಳು

ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವವರು ಬೇಕಾದಷ್ಟು ಜನ ಇದ್ದಾರೆ, ತಪ್ಪು ಉತ್ತರ ಬೆಳೆಯುವವರು ನಮ್ಮ ಮಾವ ಒಬ್ಬರೇ. ಸಂಜೆ ಏಳಕ್ಕೆ ಟೀವಿಯಲ್ಲಿ ಬರುವ ತಮಿಳು ಕ್ವಿಜ್‌ನಲ್ಲಿ ಒಂದು ಪ್ರಶ್ನೆಗೆ ನಾಲ್ಕು ಉತ್ತರ ತೋರಿಸುತ್ತಾರಲ್ಲ, ಕಣ್ಣು ಮುಚ್ಚಿಕೊಂಡು ಹೇಳಿದರೂ ಆಗೊಮ್ಮೆ ಈಗೊಮ್ಮೆ ಸರಿ ಬೀಳಬೇಕು. ಮಾವನಿಗೆ ಅದೂ ಬೀಳುತ್ತಿರಲಿಲ್ಲ. ಇದು ಸಾಮಾನ್ಯ ಪ್ರತಿಭೆಯೇ?

ಅವರ ಹೆಸರೇನು ಅಂತ ಮಾತ್ರ ಕೇಳಬೇಡಿ. ನಾನು ಸೊಸೆ, ಹೇಳುವಂತಿಲ್ಲ. ನಮ್ಮವರು ಕನ್ನಡ ಮಾತಾಡಿಕೊಂಡು ಈ ತಮಿಳು ಸೀಮೆಗೆ ಬಂದು ಎಷ್ಟೋ ತಲೆಮಾರಾಯಿತು. ಮಾತು ಅರ್ಧ ತಮಿಳಾಗಿದೆ. ಆದರೆ ಗಂಡನ ಹೆಸರು, ಮಾವನ ಹೆಸರು ಹೆಂಗಸರ ಬಾಯಲ್ಲಿ ಬರಬಾರದು ಎನ್ನುವುದು ಮಾತ್ರ ಹಾಗೇ ಉಳಿದಿದೆ. “ಬರೆದ್ರೆ ಏನಾಗುತ್ತಮ್ಮಾ?” ಎಂದು ಮಗಳು ನಗುತ್ತಾಳೆ. ಏನೂ ಆಗುವುದಿಲ್ಲ, ಕೈ ಬರುವುದಿಲ್ಲ ಅಷ್ಟೇ. ಸುಳಿವು ಬೇಕಾದರೆ ಕೊಡುತ್ತೇನೆ: ಸಮುದ್ರ ಹಾರಿ ಲಂಕೆಗೆ ಹೋದವರ ಹೆಸರು.

ಸುಳಿವು ಕೊಡುವುದನ್ನು ನಾನು ಕಲಿತದ್ದು ಅತ್ತೆಯಿಂದ. ಅವರ ಪಾಡು ನನಗಿಂತ ಕಷ್ಟದ್ದು. ಅವರ ತವರೂರಿನ ಹೆಸರಲ್ಲೇ ಗಂಡನ ಹೆಸರು ಕೂತುಬಿಟ್ಟಿದೆ, ಕೊನೆಗೊಂದು ‘ಪಟ್ಟಿ’. ಚಿನ್ನಮನೂರಲ್ಲಿ ಬಸ್ಸು ಹತ್ತಿ ತವರಿಗೆ ಟಿಕೆಟ್ ಕೇಳುವುದು ಹೇಗೆ? “ಪಟ್ಟಿಗೆ ಒಂದು ಕೊಡಪ್ಪಾ” ಎನ್ನುತ್ತಿದ್ದರು. ನಮ್ಮ ಕಡೆ ಎರಡು ಊರು ದಾಟಿದರೆ ಒಂದು ಪಟ್ಟಿ. ಹೊಸ ಕಂಡಕ್ಟರ್ ಒಬ್ಬ ಯಾವ ಪಟ್ಟಿ ಎಂದು ಕೇಳಿದ. ಅತ್ತೆ ಯೋಚನೆ ಮಾಡಿ, “ಬೆಟ್ಟ ಹೊತ್ಕೊಂಡು ಬಂದವರ ಪಟ್ಟಿ” ಎಂದರು. ಅವನಿಗೆ ಕೇಳಿಸಿದ್ದು ಬೆಟ್ಟ ಒಂದೇ. ಬೆಟ್ಟದ ಬುಡದಲ್ಲಿರುವ ತೇವಾರಂಗೆ ಟಿಕೆಟ್ ಹರಿದ. “ಅದಲ್ಲ” ಎಂದರು ಅತ್ತೆ. ಆಮೇಲೆ ಬಸ್ಸಿನವರೆಲ್ಲ ಸೇರಿ ಉತ್ತರ ಹುಡುಕಿದರು. ಟೀವಿಯವರಿಗಿಂತ ಮುಂಚೆ ಕ್ವಿಜ್ ನಡೆಸಿದವರು ನಮ್ಮ ಅತ್ತೆ.

ಕಡಲೆ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಿದ್ದ ಹೆಂಗಸು ಅದು. ಟೀವಿ ಮುಂದೆ ಕೂರುತ್ತಿದ್ದುದು ಮಾವ. ಅಡುಗೆಮನೆಯಿಂದ ಸರಿ ಉತ್ತರ ಎಸೆಯುತ್ತಿದ್ದುದು ಅತ್ತೆ. ಒಂದು ದಿನ, ಬಳೆ ತೊಟ್ಟ ಹಾಗೆ ಸುತ್ತ ಉಂಗುರ ಇರುವ ಗ್ರಹ ಯಾವುದು ಎಂದು ಕೇಳಿದರು.

“ಚಂದ್ರ” ಎಂದರು ಮಾವ, ಹೋಗಿ ನೋಡಿಕೊಂಡು ಬಂದವರ ಹಾಗೆ.

“ಥೂ, ಶನಿ.”

“ಶನಿಗೆ ಯಾರೇ ಉಂಗುರ ಹಾಕಿದ್ದು?”

“ನನಗಂತೂ ನೀವು ಹಾಕ್ಲಿಲ್ಲ. ಅವನಿಗಾದ್ರೂ ಯಾರೋ ಹಾಕವ್ರೆ.”

ಹೀಗೆ ನಡೆಯುತ್ತಿದ್ದ ಮನೆ. ಹೋದ ವರ್ಷ ಶಿವರಾತ್ರಿ ಬರುವ ಮಾಸಿ ತಿಂಗಳಲ್ಲಿ ಒಂದು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದ ಅತ್ತೆ ಹಾಗೇ ವಾಲಿಕೊಂಡರು. ಬಲಗೈ ಹೋಯಿತು, ಮಾತು ಹೋಯಿತು. ತೇನಿಯ ಆಸ್ಪತ್ರೆಯಲ್ಲಿ ಡಾಕ್ಟರು ಬಗ್ಗಿ ನಿಂತು, “ಅಮ್ಮಾ, ನಿಮ್ಮ ಯಜಮಾನರ ಹೆಸರೇನು?” ಎಂದು ಕೇಳಿದರು. ಅತ್ತೆ ಸುಮ್ಮನೆ ನೋಡಿದರು. ಡಾಕ್ಟರು ಏನೋ ಬರೆದುಕೊಂಡರು.

ನಾನು ತಡೆಯಲಾರದೆ, “ಸಾರ್, ಅದನ್ನ ಅವರು ಚೆನ್ನಾಗಿದ್ದಾಗ್ಲೂ ಹೇಳ್ತಿರ್ಲಿಲ್ಲ” ಎಂದೆ.

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, ಇವತ್ತು ಯಾವ ವಾರ ಎಂದು ಕೇಳಿದರು. ಅದಕ್ಕೂ ಉತ್ತರ ಬರಲಿಲ್ಲ. ಮತ್ತೆ ಬರೆದುಕೊಂಡರು. ಹೊರಗೆ ಬಂದಮೇಲೆ, “ಮಾತಾಡಿಸ್ತಾ ಇರಿ. ಮೊದಲ ಕೆಲವು ತಿಂಗಳಲ್ಲಿ ಎಷ್ಟು ಬರುತ್ತೋ ಅಷ್ಟೇ ಅಂತ ಇಟ್ಕೊಳ್ಳಿ” ಎಂದರು.

ಮಾತಾಡಿಸಿದೆವು. ನಡುಮನೆಯಲ್ಲಿ ಮಂಚ ಹಾಕಿದೆವು. ನೆಂಟರು ಬಂದು ಅತ್ತರು, ಕಾಪಿ ಕುಡಿದು ಹೋದರು. ಗಂಜಿ ಕುಡಿಸುವಾಗ ನಾನು ದಿನಾ “ಉಪ್ಪು ಸಾಕಾ ಅತ್ತೆ?” ಎಂದು ಕೇಳುವುದು, ಅವರು ತಲೆ ಆಡಿಸುವುದು. ಉಪ್ಪು ಹಾಕದೇ ಕೊಟ್ಟು ನೋಡಿದೆ, ಬೈದಾರೇನೋ ಅಂತ. ಅದಕ್ಕೂ ತಲೆ ಆಡಿಸಿದರು. ಆ ದಿನ ನಾನು ಅಡುಗೆಮನೆಗೆ ಬಂದು ಮಿಕ್ಸಿ ಹಾಕಿಕೊಂಡು ಅತ್ತುಬಿಟ್ಟೆ, ಸದ್ದು ಕೇಳಿಸದ ಹಾಗೆ. ಒಂದು ಮನೆಯಲ್ಲಿ ಇಷ್ಟು ನಿಶ್ಶಬ್ದ ಹಿಡಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಮಾವ? ಏಳು ಗಂಟೆಯಾದರೆ ಟೀವಿ ಹಾಕಿ ಕೂತರು. ಸೌಂಡು ಜಾಸ್ತಿ ಬೇರೆ ಮಾಡಿದರು. ಹೆಂಡತಿ ಹೀಗೆ ಬಿದ್ದಿರುವಾಗ ಇದೇನು ಕಲ್ಲು ಮನಸ್ಸು ಎಂದು ನಾನು ಪಾತ್ರೆಗಳನ್ನು ಬೇಕೆಂದೇ ಕುಕ್ಕಿ ಇಡುತ್ತಿದ್ದೆ.

ಆಗ ಒಂದು ಸಂಜೆ ಆ ಪ್ರಶ್ನೆ ಬಂತು. ಕಂಬಂ ಕಣಿವೆಗೆ ನೀರು ಕೊಡುವ ಅಣೆಕಟ್ಟು ಯಾವುದು?

“ಮೇಟ್ಟೂರು” ಎಂದರು ಮಾವ.

ನನ್ನ ಕೈಯಲ್ಲಿದ್ದ ಜರಡಿ ನಿಂತುಹೋಯಿತು. ಎಪ್ಪತ್ತು ವರ್ಷ ಆ ನೀರು ಕುಡಿದವರು, ಆ ನೀರು ಹಾಯಿಸಿ ತೋಟ ಮಾಡಿದವರು, ಕಾಲುವೆಗೆ ಯಾವತ್ತು ನೀರು ಬಿಡುತ್ತಾರೆ ಅಂತ ಬೆರಳಲ್ಲಿ ಎಣಿಸುವವರು! ಎಲ್ಲೋ ದೂರದ ಮೇಟ್ಟೂರಂತೆ. ತಿರುಗಿ ನೋಡಿದೆ. ಮಾವ ಟೀವಿ ನೋಡುತ್ತಿರಲಿಲ್ಲ. ಮಂಚ ನೋಡುತ್ತಿದ್ದರು.

ಅತ್ತೆಯ ತುಟಿ ಅಲುಗಾಡಿತು. “ಪೆ…”

“ಏನಂದೆ? ಮೇಟ್ಟೂರೇ ಸರಿ ಅಂದ್ಯಾ?”

ಅತ್ತೆಯ ಮುಖ ಸಿಟ್ಟಿಗೆ ಕೆಂಪಾಯಿತು. “ಪೆ… ಪೆರಿ… ಯಾರು.” ನಮ್ಮ ಪೆರಿಯಾರು ಅಣೆಕಟ್ಟು, ಸರಿ ಉತ್ತರ.

ಮಾರನೇ ದಿನ ಟೀ ಅಂಗಡಿಗೆ ಸುದ್ದಿ ಮುಟ್ಟಿತ್ತು. “ಏನ್ ಮಾಮಾ, ಮೇಟ್ಟೂರು ನೀರಲ್ಲೇ ಟೀ ಹಾಕ್ಲಾ?” ಎಂದನಂತೆ ಅಂಗಡಿಯವನು. “ಹಾಕು. ಸಕ್ಕರೆ ಕಮ್ಮಿ” ಎಂದರಂತೆ ಮಾವ. ಊರೆಲ್ಲ ಅವರನ್ನು ಮೇಟ್ಟೂರು ಮಾಮಾ ಎಂದು ಕರೆಯಿತು. ಅವರು ಒಂದು ಸಲವೂ ತಿದ್ದಲಿಲ್ಲ.

ಅಲ್ಲಿಂದ ಶುರುವಾಯಿತು. ತಾಜ್ ಮಹಲ್ ಮದುರೈಗೆ ಬಂತು. ಒಂಟೆ ಮೊಟ್ಟೆ ಇಟ್ಟಿತು. ದಿನಕ್ಕೆ ಒಂದು ಮಾತು, ಕೆಲವು ದಿನ ಅದೂ ಇಲ್ಲ. ಒಂಟೆಯ ದಿನ ಅತ್ತೆ “ಇಲ್ಲ” ಎಂದು, ಸ್ವಲ್ಪ ತಡೆದು “ಪೆದ್ದ” ಎಂದರು. ಯಾರೂ ಕೇಳದೆ ಅವರಾಗಿ ಆಡಿದ ಮೊದಲ ಮಾತು ಅದು. ಮಾವ ಅವತ್ತು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಐದು ತಿಂಗಳು ಕಳೆದು ಆಡಿ ಬಂತು. ಡಾಕ್ಟರು ಹೇಳಿದ ತಿಂಗಳುಗಳು ಮುಗಿಯುತ್ತಾ ಬಂದಿದ್ದವು. ಅತ್ತೆ ಸೊರಗಿದ್ದರು, ಮಾತು ಮತ್ತೆ ಕಮ್ಮಿಯಾಗಿತ್ತು. ಒಂದು ಸಂಜೆ ಟೀವಿಯವನು, ಸಂಜೀವಿನಿ ಬೆಟ್ಟ ಹೊತ್ತು ತಂದವರು ಯಾರು ಎಂದು ಕೇಳಿದ. ಗರುಡ, ಜಟಾಯು, ವಾಲಿ, ನಾಲ್ಕನೆಯದು ಮಾವನ ಹೆಸರು.

ಯಾವಾಗಲೂ ಪ್ರಶ್ನೆ ಮುಗಿಯುವ ಮುಂಚೆಯೇ ಬಾಯಿ ಹಾಕುವ ಮಾವ ಅವತ್ತು ಮೊದಲು ಮಂಚದ ಕಡೆ ತಿರುಗಿದರು. ಆಮೇಲೆ, “ಗರುಡ” ಎಂದರು.

ಅತ್ತೆ ಎಡಗೈ ಎತ್ತಿ ಅವರನ್ನೇ ತೋರಿಸಿದರು.

“ನಾನಾ? ನನ್ನ್ಯಾಕೆ ತೋರಿಸ್ತೀಯಾ? ನನಗೆ ಗೊತ್ತಿದ್ರೆ ಹೇಳ್ತಿರ್ಲಿಲ್ವಾ?”

ಅತ್ತೆ ಇನ್ನೊಮ್ಮೆ ತೋರಿಸಿದರು.

“ಕೈ ತೋರಿಸಿದ್ರೆ ಟೀವಿಯವರು ಒಪ್ಪಲ್ಲ ಇವಳೇ, ಬಾಯಲ್ಲಿ ಹೇಳ್ಬೇಕು. ಇಲ್ಲಾಂದ್ರೆ ಗರುಡನೇ.”

ಜಾಹೀರಾತು ಬಂತು. ಸೋಪು ಹೋಯಿತು, ಬಿಸ್ಕತ್ತು ಹೋಯಿತು. ನಾನು ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಎಡಗೈಯಲ್ಲಿ ಸೆರಗನ್ನು ಹುಡುಕಿ, ತಲೆಯ ಮೇಲೆ ಎಳೆದುಕೊಂಡರು. ಹೊಸ ಮದುವಣಗಿತ್ತಿಯ ಹಾಗೆ. ಆಮೇಲೆ ಹೇಳಿದರು. ನಾಲ್ಕಕ್ಷರ. ಮೂರನೆಯದು ಸ್ವಲ್ಪ ಸೊಟ್ಟಗೆ ಬಂತು.

ಐವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಸಲ.

ತೋಟದ ಪಂಪ್ ನಿಂತರೆ ಮನೆಯಲ್ಲಿ ಕೂತು ಕೇಳಿಸಿಕೊಳ್ಳುವ ಮಾವ, ಕೈಯನ್ನು ಕಿವಿಗೆ ಹಿಡಿದು ಮಂಚದ ಕಡೆ ಬಗ್ಗಿ, “ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳು” ಎಂದರು.

“ಪೆದ್ದ” ಎಂದು ಅತ್ತೆ ಗೋಡೆ ಕಡೆ ತಿರುಗಿಕೊಂಡರು.

ಇನ್ನೊಂದು ಸಲ ಹೇಳಲಿಲ್ಲ. ಎರಡು ತಿಂಗಳಿಗೆ, ಪುರಟ್ಟಾಸಿಯಲ್ಲಿ, ಎರಡನೇ ಸಲ ಲಕ್ವ ಹೊಡೆಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟರು.

ಈಗ ಮಾವ ಎಲ್ಲಕ್ಕೂ ಸರಿ ಉತ್ತರ ಹೇಳುತ್ತಾರೆ. ಗ್ರಹ, ಒಂಟೆ, ರಾಜಧಾನಿ, ಎಲ್ಲ. ನಾಲ್ಕು ಆಯ್ಕೆ ಬರುವ ಮುಂಚೆಯೇ, ಮೆಲ್ಲಗೆ, ಬೇಗ ಮುಗಿದರೆ ಸಾಕು ಎನ್ನುವವರ ಹಾಗೆ. ಇಷ್ಟು ದಿನ ಇದೆಲ್ಲ ಎಲ್ಲಿಟ್ಟಿದ್ದರೋ! ಮಾಮನಿಗೆ ಬುದ್ಧಿ ಬಂತು, ನಮಗೆ ಬೇಜಾರಾಯಿತು ಎನ್ನುತ್ತಾನಂತೆ ಟೀ ಅಂಗಡಿಯವನು.

ಹೋದ ವಾರ ಮಧ್ಯಾಹ್ನ ಹಳೇ ಕಂತು ಮತ್ತೆ ಹಾಕಿದರು. ಅದೇ ಬೆಟ್ಟ, ಅದೇ ನಾಲ್ಕು ಹೆಸರು. ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ.

“ಗರುಡ” ಎಂದರು ಮಾವ ಗಟ್ಟಿಯಾಗಿ. ಎಷ್ಟೋ ತಿಂಗಳ ಮೇಲೆ ಒಂದು ತಪ್ಪು ಉತ್ತರ.

ಆಮೇಲೆ ಕೈಯನ್ನು ಕಿವಿಗೆ ಹಿಡಿದು, ಮೊದಲು ಮಂಚ ಇದ್ದ ಕಡೆ ಬಗ್ಗಿ ಕೂತರು. ಜಾಹೀರಾತು ಬಂತು, ಹೋಯಿತು. ಅವರು ಕೈ ಇಳಿಸಲಿಲ್ಲ.

ನನಗೆ ಉತ್ತರ ಗೊತ್ತು. ಆದರೆ ನಾನು ಸೊಸೆ.