ಅಂಗಿ ನಾಲ್ಕು, ದುಪ್ಪಟಿ ಎರಡು

ಲಾಂಡ್ರಿಯವನು: ಕೊಟ್ಟಿದ್ದು ನಾಲ್ಕು ಅಂಗಿ, ಎರಡು ದುಪ್ಪಟಿ. ಒಗೆದು ಬಂದಿದ್ದೂ ನಾಲ್ಕು ಅಂಗಿ, ಎರಡು ದುಪ್ಪಟಿ. ಆದ್ರೂ ‘ಸಮವಲ್ಲ’ ಅನ್ನುತ್ತಲ್ಲಮ್ಮ ನಿಮ್ಮ ಪ್ರೋಗ್ರಾಮು! ಬೆಳಗ್ಗೆಯಿಂದ ಒಂದು ಗಂಟೂ ಬಾಗಿಲು ದಾಟಿಲ್ಲ.

ಎರಡು ಪಟ್ಟಿಗಳನ್ನು ತಾಳೆ ನೋಡುವ ಆ ಪ್ರೋಗ್ರಾಮು ಬರೆದವಳು ಸೊಸೆ. ಲಾಂಡ್ರಿಯ ಕಂಪ್ಯೂಟರಿನ ಮುಂದೆ ಬೆವರುತ್ತಿದ್ದಳು. ಮನೆಯ ಬಟ್ಟೆ ಒಯ್ಯಲು ಜೊತೆಗೆ ಬಂದ ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು.

ಲಾಂಡ್ರಿಯವನು: ಹನ್ನೆರಡಕ್ಕೆ ವ್ಯಾನ್ ಹೊರಡ್ಬೇಕು. ಇಲ್ಲಾಂದ್ರೆ ಕೆಲಸ ಬೇರೆಯವರಿಗೆ.

ಸೊಸೆ: ಹಾಗನ್ನಬೇಡಿ ಸಾರ್, ಇದು ನನ್ನ ಮೊದಲ್ನೇ ಕೆಲಸ. ಹಾಂ, ಸಿಕ್ತು! ಇದರಲ್ಲಿ ಒಂದೊಂದು ಪಟ್ಟಿನೂ ಒಂದೊಂದು ಆಬ್ಜೆಕ್ಟು, ಅಂದ್ರೆ ಬೇರೆ ಬೇರೆ ವಸ್ತು ಇದ್ದ ಹಾಗೆ. ಒಳಗಿರೋದು ಒಂದೇನಾ ಅಂತ ಕೇಳೋ ಬದಲು, ಎರಡೂ ಒಂದೇ ಪಟ್ಟಿನಾ ಅಂತ ಕೇಳ್ಬಿಟ್ಟಿದೀನಿ.

ಅತ್ತೆ: ಅವಳಿ ಮಕ್ಕಳನ್ನ ನಿಲ್ಲಿಸಿ ‘ನೀವಿಬ್ರೂ ಒಬ್ರೇನಾ’ ಅಂದ ಹಾಗಾಯ್ತು. ಪಾಪ, ಅದು ‘ಅಲ್ಲ’ ಅಂತು. ಸುಳ್ಳು ಹೇಳೋಕಾಗುತ್ತಾ?

ಸೊಸೆ ತಿದ್ದಿದಳು. ಮತ್ತೆ ‘ಸಮವಲ್ಲ’.

ಸೊಸೆ: ಕೊಟ್ಟಾಗ ಅಂಗಿ ಮೊದಲು, ಬಂದಾಗ ದುಪ್ಪಟಿ ಮೊದಲು. ಸಾಲು ತಪ್ಪಿದ್ರೂ ಒಪ್ಪಲ್ಲ ಇದು.

ಅತ್ತೆ: ನೀರಿಗೆ ಬಿದ್ದ ಬಟ್ಟೆ ಸಾಲಾಗಿ ನಿಂತು ಬರುತ್ತೇನೇ? ಇದು ಡ್ರಿಲ್ ಮೇಷ್ಟ್ರಾಗ್ಬೇಕಿತ್ತು.

ಎರಡು ಪಟ್ಟಿಯನ್ನೂ ಒಂದೇ ಕ್ರಮಕ್ಕೆ ತಂದದ್ದೇ ತಡ, ಪರದೆಯ ಮೇಲೆ ‘ಸಮ’ ಎಂದು ಬಂತು.

ಲಾಂಡ್ರಿಯವನು: ಬದುಕಿದೆ! ಮೊದಲ್ನೇ ಗಂಟು ನಿಮ್ಮದೇ, ಹಿಡೀರಿ.

ಅತ್ತೆ ಗಂಟು ಬಿಚ್ಚಿ ಒಂದು ಅಂಗಿ ಎತ್ತಿ ಹಿಡಿದರು.

ಅತ್ತೆ: ಇದ್ಯಾರದಪ್ಪಾ? ನನ್ನ ಮಗ ಇದರೊಳಗೆ ಹೊಕ್ಕರೆ ಹುಡುಕೋಕೆ ಟಾರ್ಚ್ ಬೇಕು.

ಲಾಂಡ್ರಿಯವನು: ಅಂಗಿ ನಾಲ್ಕಿದೆಯಲ್ಲಮ್ಮ! ಕಂಪ್ಯೂಟರೇ ಒಪ್ಪಿದೆ!

ಅತ್ತೆ: ಆಗ ನಮ್ಮದನ್ನೂ ನಮ್ಮದಲ್ಲ ಅಂತಿತ್ತು, ಈಗ ಊರವರದ್ದೆಲ್ಲ ನಮ್ಮದೇ ಅಂತಿದೆ. ಕಾಲರ್ ಹಿಂದೆ ಇಂಕಿನಲ್ಲಿ ನಂಬರ್ ಹಾಕ್ತಿದ್ರಲ್ಲ, ಎಲ್ಲಿ?

ಲಾಂಡ್ರಿಯವನು: ಅದು... ಕಂಪ್ಯೂಟರ್ ಬಂತಲ್ಲ ಅಂತ ನಂಬರ್ ಹಾಕೋದು ಬಿಟ್ಬಿಟ್ಟೆ.

ಸೊಸೆಯ ತಲೆ ಮೇಲೆದ್ದಿತು.

ಸೊಸೆ: ಸಾರ್! ಆ ನಂಬರ್ ಇದ್ರೆ ತಾನೇ ನಾನು ಅದನ್ನೂ ತಾಳೆ ನೋಡೋದು?

ಲಾಂಡ್ರಿಯವನು ತಲೆ ಕೆರೆದುಕೊಂಡ.

ಲಾಂಡ್ರಿಯವನು: ಆಯ್ತಮ್ಮ, ಕೆಲಸ ನಿಮಗೇ. ವ್ಯಾನ್ ಸಂಜೆಗೇ ಹೊರಡ್ಲಿ. ಆದ್ರೆ ಈ ಗಂಟೆಲ್ಲ ವಿಂಗಡಿಸೋಕೆ ನಿಮ್ಮ ಅತ್ತೇನ ಸಂಜೆ ತನಕ ಬಿಟ್ಟು ಹೋಗಿ.

ಸೊಸೆ: ಬಿಡ್ತೀನಿ. ಆದ್ರೆ ಸಂಜೆ ನನಗೆ ಇವರೇ ವಾಪಸ್ ಬರ್ಬೇಕು. ‘ಅತ್ತೆ ಒಂದು, ಸಮ’ ಅಂತ ಇನ್ಯಾರನ್ನೋ ಕಟ್ಟಿ ಕಳಿಸೀರಿ!