ಉಳಿದದ್ದು ಒಂದೇ ಕಲ್ಲು

ಕಲ್ಲಿನ ಕೆಲಸ ಬಲು ಗಂಭೀರ ಅಂತ ತಿಳಿದು ಸಂಶೋಧನೆಗೆ ಬಂದೆ. ಕಲ್ಲುಗಳೇನೋ ಗಂಭೀರವಾಗಿಯೇ ಇವೆ, ಸುತ್ತಲಿನವರು ಇರಗೊಡುವುದಿಲ್ಲ.

ಕಾರ್ಖಾನೆ ಹೊಗೆಯ ಇಂಗಾಲವನ್ನು ನೆಲದಾಳದ ಕಲ್ಲಿನ ಸಣ್ಣ ರಂಧ್ರಗಳಲ್ಲಿ ತುಂಬಿಡಬಹುದೇ, ಅಲ್ಲಿ ದ್ರವ ಹೇಗೆ ಹರಿಯುತ್ತದೆ ಎಂಬುದು ನನ್ನ ವಿಷಯ. ತರಿಸಿದ್ದ ಮೂರು ಮರಳುಗಲ್ಲಿನ ಉದ್ದನೆಯ ದುಂಡು ತುಂಡುಗಳಲ್ಲಿ ಎರಡು ನನ್ನ ಕೈಯಲ್ಲೇ ಒಡೆದವು.

“ಇದೊಂದರಾಗರ ನೀರು ದಾಟಿಸಿ ತೋರಸು. ಇಲ್ಲಂದ್ರ ವಿಷಯ ಬದಲಿಸು” ಅಂದರು ಗೈಡ್. ಹೆದರಿಕೆಗೆ ಅದನ್ನು ಹೋದಲ್ಲೆಲ್ಲ ಚೀಲದಲ್ಲಿ ಹೊತ್ತೇ ತಿರುಗಿದೆ.

ದುಂಡಸಿ ಬಸ್ಸು

ಕಂಡಕ್ಟರ್ ಚೀಲ ಎತ್ತಿ ನೋಡಿದ. “ಏನೈತ್ರಿ ಇದರಾಗ?”

“ಕಲ್ಲು.”

“ಎಲ್ಲಿಗೆ ಒಯ್ಯಾಕತ್ತೀರಿ?”

“ಶಿಗ್ಗಾಂವಿಗೆ.”

“ಯಾಕ್ರಿ, ಶಿಗ್ಗಾಂವ್ಯಾಗ ಕಲ್ಲು ಮುಗದಾವೇನು?”

ನಾನು ರಂಧ್ರ, ಒತ್ತಡ ಎಂದು ವಿವರಿಸತೊಡಗಿದೆ. ಹಿಂದಿನ ಸೀಟಿನ ಮುದುಕಿ ಅವನಿಗೆ ಮೆಲ್ಲಗೆ ಹೇಳಿದಳು: “ಹೋಗ್ಲಿ ಬಿಡಪಾ, ಭಾಳ ಓದ್ಯಾಳಂತ ಕಾಣ್ತೈತಿ.”

ಹಂಸಭಾವಿ

ಬೋರ್‌ವೆಲ್ ನೀರು ಅಳೆಯಲು ಹೋದಾಗ ನನ್ನ ವಿಷಯ ತಿಳಿದ ಹೊಲದ ಯಜಮಾನರು ಕೇಳಿದರು: “ಹೊಗಿ ಒಳಗ ತುಂಬಿದ್ರ ಹೊರಗ ಬರೂದಿಲ್ಲೇನು?”

“ಇಲ್ರಿ, ಮ್ಯಾಲೊಂದು ಗಟ್ಟಿ ಕಲ್ಲಿನ ಮುಚ್ಚಳ ಇರ್ತೈತಿ.”

ಅವರು ಹೊಲದುದ್ದಕ್ಕೂ ಕಣ್ಣಾಡಿಸಿದರು. “ಮುಚ್ಚಳ ಹೌದು. ಆದ್ರ ನಾ ಒಬ್ಬನ ಅದಕ್ಕ ಆರು ಬೋರ್ ಹೊಡಿಸೇನಲ್ಲ?”

ಈ ಪ್ರಶ್ನೆಯ ಮೇಲೆ ನಮ್ಮ ಪ್ರಯೋಗಾಲಯದಲ್ಲೂ ಇನ್ನೂ ಸಭೆ ನಡೆಯುತ್ತಿದೆ.

ಹಾನಗಲ್ಲ ಅಡುಗೆಮನೆ

ಸವಣೂರಿಗೆ ಹೋದ ದಿನ ಮಾತ್ರ, ತೊಳೆದ ಕಲ್ಲನ್ನು ಒಣಗಲೆಂದು ಹಾನಗಲ್ಲಿನ ಬಾಡಿಗೆಮನೆಯ ಕಟ್ಟೆಯ ಮೇಲಿಟ್ಟಿದ್ದೆ. ಸಂಜೆ ಬಂದರೆ ಮನೆಯೊಡತಿ ಅಜ್ಜಿ ಅದರಿಂದಲೇ ಹಸಿ ಕೆಂಪು ಮೆಣಸಿನಕಾಯಿ ಜಜ್ಜಿ ರಂಜಕದ ಚಟ್ನಿ ಅರೆಯುತ್ತಿದ್ದಳು.

“ಕೈಗೆ ಭಾಳ ಹಿತ ಐತಿ ತಂಗಿ. ಆದ್ರ ಹೊಟ್ಟೆಬಾಕ ಕಲ್ಲು. ನಾಕು ನಿಂಬಿಹಣ್ಣಿನ ರಸ ಕುಡದ್ರೂ ಇದಕ್ಕ ಸಾಲವಲ್ದು!”

ನಾನು ಅಲ್ಲೇ ಕುಳಿತು ಅತ್ತೆ. ಖಾರಕ್ಕೆ ಕಣ್ಣೀರು ಬಂತೆಂದು ಅಜ್ಜಿ ಬೆಲ್ಲ ಕೊಟ್ಟಳು.

ಎಷ್ಟು ತೊಳೆದರೂ ಕಲ್ಲಿನ ಕೆಂಪು ಹೋಗಲಿಲ್ಲ. ಬೇರೆ ದಾರಿ ಕಾಣದೆ ಅದನ್ನೇ ಪ್ರಯೋಗಾಲಯದ ಯಂತ್ರಕ್ಕೆ ಹಾಕಿ, ಒಂದು ತುದಿಯಿಂದ ಉಪ್ಪುನೀರು ಒತ್ತಿದೆ. ಗೈಡ್ ಎದುರಿಗೇ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಇನ್ನೊಂದು ತುದಿಯಲ್ಲಿ ಹನಿ ಮೂಡಿತು. ಕೆಂಪಗಿತ್ತು.

ಗೈಡ್ ಅದನ್ನು ಬೆರಳಿಗೆ ಹಚ್ಚಿಕೊಂಡರು, ಮೂಸಿದರು. ನಾನು ತಡೆಯುವಷ್ಟರಲ್ಲಿ ನಾಲಿಗೆಗೂ ಇಟ್ಟುಕೊಂಡರು. ಅಜ್ಜಿ ಅದರಿಂದ ರಂಜಕ ಅರೆದ ಸಂಗತಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟೆ.

“ನೀರು ದಾಟೇತಿ. ವಿಷಯ ಬದಲಿಸೂದು ಬ್ಯಾಡ” ಅಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ಅಜ್ಜಿಗೆ ಹೇಳು, ಉಪ್ಪು ಸ್ವಲ್ಪ ಹೆಚ್ಚಾಗೇತಿ.”