ಹಿಂದಿನ ಶಾಕಿಗೆ ಹೇಳಿದ ತೂಕ

ವಯಸ್ಸನ್ನು ಮುಚ್ಚಿಟ್ಟರೆ ತಲೆಗೂದಲು ಹೇಳಿಬಿಡುತ್ತದೆ, ಗೊರಕೆ ಹೊಡೆಯುವುದಿಲ್ಲ ಎಂದರೆ ಪಕ್ಕದಲ್ಲಿ ಮಲಗಿದವರು ಸಾಕ್ಷಿ ನುಡಿಯುತ್ತಾರೆ. ತೂಕದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದು ಎಂದು ನಾನು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಹೀಗೆ ನಂಬಿದ್ದವನು ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ತೂಕ ಮಾಡುತ್ತಿರುವವನು ಎಂಬುದನ್ನೂ ನಾಚಿಕೆಯಿಂದ ಸೇರಿಸುತ್ತೇನೆ. ದೇವದುರ್ಗ, ಮಾನ್ವಿ ಕಡೆಯಿಂದ ಬಂದ ಹತ್ತಿ ಚೀಲವನ್ನು ನೋಡಿ ಇಷ್ಟು ಎಂದರೆ ಕಾಟಾ ಅಷ್ಟೇ ತೋರಿಸುತ್ತದೆ. ಆಮೇಲೆ ಚೀಲದ್ದು ಇಷ್ಟು, ತೇವದ್ದು ಇಷ್ಟು ಎಂದು ಕಳೆದು ಬರೆಯುವುದು ನನ್ನ ಕೈಗೆ ಅಂಟಿದ ಚಟ.

ಹೋದ ವರ್ಷ ಟೊಂಕ ಹಿಡಿದುಕೊಂಡು ಎರಡು ತಿಂಗಳು ಹಾಸಿಗೆ ಹಿಡಿದೆ. ಎದ್ದ ಮೇಲೆ ಡಾಕ್ಟರು ಮೈ ಇಳಿಸಿ ಎಂದರು. ಅದೇ ನೆಪವಾಗಿ, ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ ದಪ್ಪ ಗಾಲಿಯ ಮೌಂಟನ್ ಬೈಕ್ ತಂದೆ. ನನ್ನ ಹೆಂಡತಿ ಮಹಾದೇವಿ ಅದನ್ನು ಸುತ್ತಿ ನೋಡಿ, “ಇದರಿಂದ ಇನ್ನೊಮ್ಮಿ ಟೊಂಕ ನೋಯ್ತಂದ್ರ ಸೈಕಲ್ ಮನ್ಯಾಗ ಇರಂಗಿಲ್ಲ ನೋಡ್ರಿ” ಎಂದಳು. ಮುಂಜಾನೆ ಯರಗೇರಾ ಕಡೆಯ ಹೊಲದ ದಾರಿಯಲ್ಲಿ ಹೋಗುವಾಗ ನನಗೆ ಹದಿನಾಲ್ಕು ವರ್ಷ. ತಗ್ಗು ಬಂದು ಹಿಂದಿನಿಂದ ಧಡ್ ಎಂದಾಗ ಐವತ್ಮೂರು. ನೋವನ್ನು ಮುಚ್ಚಿಟ್ಟೆ. ಆದರೆ ಗೋಡೆ ಹಿಡಿದು ಕೂರುವುದನ್ನು ಆಕೆ ಕಂಡುಬಿಟ್ಟಳು. ಒಂದು ಕೊನೆಯ ಅವಕಾಶ ಕೊಡು ಎಂದು ಬೇಡಿಕೊಂಡ ಮೇಲೆ, ಆ ಶಾಕ್ ಸರಿಮಾಡಿಸಲು ಸೈಕಲ್ ಅಂಗಡಿಯ ಖಾದರ್ ಭಾಯ್ ಹತ್ತಿರ ತಾನೂ ಬಂದಳು.

“ತೂಕ ಎಷ್ಟ್ರೀ ಸರ್?” ಎಂದರು ಖಾದರ್ ಭಾಯ್. ಎಪ್ಪತ್ತೆಂಟು ಎಂದೆ. ಈ ಶಾಕಿನೊಳಗೆ ಗಾಳಿ ಇರುತ್ತದಂತೆ. ಹತ್ತುವವರ ತೂಕ ನೋಡಿ ತುಂಬಬೇಕಂತೆ. ಕೂತಾಗ ಅದು ಕಾಲು ಭಾಗವಷ್ಟೇ ಇಳಿಯಬೇಕಂತೆ. ಸಣ್ಣ ಪಂಪಿನಿಂದ ಗಾಳಿ ಹಾಕಿ, ಶಾಕಿನ ಕಡ್ಡಿಯ ಮೇಲಿದ್ದ ರಬ್ಬರ್ ಉಂಗುರವನ್ನು ತುದಿಗೆ ಸರಿಸಿ, ಕೂಡ್ರಿ ಎಂದರು. ಕೂತು ಇಳಿದೆ. ಉಂಗುರ ಕಾಲು ಭಾಗ ದಾಟಿ ನಿಂತಿತ್ತು. ಅವರು ಉಂಗುರ ನೋಡಿದರು, ನನ್ನನ್ನು ನೋಡಿದರು. “ಗಾಳಿ ಬರೋಬರಿ ಅದರೀ. ತೂಕದಾಗ ಏನೋ ಫರಕ್ ಅದ.”

“ಬಟ್ಟಿ, ಬೂಟು, ತಿಂದ ರೊಟ್ಟಿ, ಕುಡದ ನೀರು ಎಲ್ಲಾ ಕಳದು ಹೇಳೀನಿ” ಎಂದೆ.

“ಅವನ್ನೆಲ್ಲಾ ಮನ್ಯಾಗ ಬಿಟ್ಟು ಸೈಕಲ್ ಹತ್ತತೀರೇನ್ರಿ?”

ಮಹಾದೇವಿ ನಡುವೆ ಬಾಯಿ ಹಾಕಿ, “ತೊಂಬತ್ತಕ್ಕ ಹಾಕ್ರಿ ಭಾಯ್” ಎಂದಳು. ಯಾರೂ ಇಲ್ಲದಾಗ ನಾನು ಹತ್ತಿ ನಿಂತರೆ ಮಿಲ್ಲಿನ ಕಾಟಾ ತೋರಿಸಿದ್ದೂ ತೊಂಬತ್ತೇ. ಆಕೆಗೆ ಹೇಗೆ ಗೊತ್ತು ಎಂದು ಕೇಳಿದೆ. “ಎರಡು ತಿಂಗಳು ದಿನಕ್ಕ ನಾಕು ಸಲ ನಿಮ್ಮನ್ನ ಹೆಗಲ ಮ್ಯಾಲ ಹಾಕ್ಕೊಂಡು ಎಬ್ಬಿಸಿದಾಕಿ ನಾನು. ಕ್ವಿಂಟಲ್ ಚೀಲಕ್ಕ ಒಂದ್ಹತ್ತು ಕಮ್ಮಿ ಇದ್ರಿ.”

ತೊಂಬತ್ತಕ್ಕೆ ಗಾಳಿ ಹಾಕಿದರು. ಕೂತೆ. ಸರಿಯಾಗಿ ಕಾಲು ಭಾಗ ಇಳಿಯಿತು. ಮನೆಯವರೆಗೆ ಒಂದು ತಗ್ಗೂ ತಾಗಲಿಲ್ಲ, ಆದರೆ ಆ ಸುಖ ನನಗೆ ಹತ್ತಲಿಲ್ಲ. ಆ ಎರಡು ತಿಂಗಳು ನನ್ನ ನೋವನ್ನು ಊರಿಗೆಲ್ಲ ಹೇಳಿಕೊಂಡಿದ್ದೆ. ಅವಳ ಹೆಗಲು ಹೇಗಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಅವಳು ಆಟೋದಿಂದ ಇಳಿದು ಬಂದ ಕೂಡಲೇ, “ನಿಂದೆಷ್ಟು ತೂಕ?” ಎಂದೆ. “ನೋಡಿ ಹೇಳ್ರಿ, ನಿಮ್ಮ ಕಸುಬಲ್ಲೇನು?” ಎಂದಳು. ನೋಡಿದೆ. ಮೂವತ್ತು ವರ್ಷ ಕಣ್ಮುಂದಿದ್ದ ಹೆಂಗಸು, ಅಂದಾಜೇ ಸಿಗಲಿಲ್ಲ. ಪ್ರೀತಿ ಉಕ್ಕಿತೋ, ಸೋಲಲು ಮನಸ್ಸಾಗಲಿಲ್ಲವೋ, ಬಗ್ಗಿ ಅವಳನ್ನು ಎತ್ತಿಯೇಬಿಟ್ಟೆ. “ಬ್ಯಾಡ್ರೀ” ಎನ್ನುತ್ತ ನಕ್ಕಳು. ಅವಳ ಪಾದ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತು. ಅಷ್ಟರಲ್ಲಿ ನನ್ನ ಟೊಂಕದಲ್ಲಿ ಲಟಕ್ ಎಂದಿತು.

ಮಲಗಿ ಇವತ್ತಿಗೆ ಐದು ದಿನ. “ಪಾಪ, ಇದರಾಗ ಅದರದೇನು ತಪ್ಪದ?” ಎಂದು ಸೈಕಲ್ಲನ್ನು ಅವಳೇ ಪಡಸಾಲೆಯಲ್ಲಿ ಒರೆಸಿ ನಿಲ್ಲಿಸಿದ್ದಾಳೆ. ಇವತ್ತು ಮುಂಜಾನೆ ಎಬ್ಬಿಸುವಾಗ, ಈ ಸಲವಾದರೂ ಮನುಷ್ಯನಾಗಬೇಕೆಂದು, “ಹೆಗಲು ನೋಯ್ತದೇನು?” ಎಂದು ಕೇಳಿದೆ. “ಮೊದ್ಲ ನಿಂದರ್ರಿ, ಆಮ್ಯಾಲ ಕೇಳ್ರಿ” ಎಂದಳು. ತೊಂಬತ್ತು ಕಿಲೋವನ್ನೂ ಅವಳ ಮೇಲೆ ಬಿಟ್ಟುಕೊಂಡೇ ನಾನು ಆ ಪ್ರಶ್ನೆ ಕೇಳಿದ್ದೆ.